ತಟ್ಟಿ ಕಳಿಸಿ

ನೈಟ್ ಶಿಫ್ಟು ಮುಗಿಸಿ ಬಂದು
ದೀಪ ಹಾಕದೆ ಮೊಬೈಲು ತೆರೆದರೆ
ಎರಡೂ ಅಲ್ಲೇ ಇವೆ, ನಿನ್ನೆ ಬಿಟ್ಟ ಹಾಗೆಯೇ.

ಒಂದು ಹಳೆಯದು. ಕಲ್ಕತ್ತೆಯ ಯಾವುದೋ ಗಲ್ಲಿಯಲ್ಲಿ
ಅರವತ್ತೆರಡರಲ್ಲೋ ಅರವತ್ತಾರರಲ್ಲೋ ಕೂಡಿಸಿದ ಮರ,
ಮಾರುವವನಿಗೂ ಖಾತ್ರಿಯಿಲ್ಲ.
ಒಂಬತ್ತು ಫೋಟೊ. ಒಂಬತ್ತರಲ್ಲೂ ಎಡಮಗ್ಗುಲು ಗೋಡೆಗೆ,
ಕೊಳೆತ ಬದಿ ಕೆಳಗೆ ಮಾಡಿ
ಟೊಮೆಟೊ ಜೋಡಿಸುವವರ ಹಾಗೆ.

ಇನ್ನೊಂದು ಹೊಸದು. ಬೆರಳಾಡಿಸಿದರೆ
ಗಿರ್ರನೆ ಸುತ್ತಿ ಬೆನ್ನು ತೋರಿಸುತ್ತದೆ.
ಕಂತಿನಲ್ಲಿ ಕೊಡಬಹುದು, ಹತ್ತು ದಿನದೊಳಗೆ ಮರಳಿಸಬಹುದು,
ಚೀಲ ಉಚಿತ.
ಮೈಮೇಲೆ ಎಲ್ಲೂ ಯಾರ ಬೆರಳಿನ ಗುರುತೂ ಇಲ್ಲ.

ನಾನು ಅಳೆಯುವವಳು.
ಹೊಸೂರಿನ ಸಿಪ್ಕಾಟಿನಲ್ಲಿ ಹತ್ತೊಂಬತ್ತು ವರ್ಷ
ಮೈಕ್ರೊಮೀಟರ್ ಹಿಡಿದಿದ್ದೇನೆ.
ಮೇಸ್ತ್ರಿಯ ಜೊತೆ ತಮಿಳು, ತರಕಾರಿಗೆ ತೆಲುಗು,
ಎಣಿಸುವುದು ಮಾತ್ರ ಕನ್ನಡದಲ್ಲಿ.
ಕೂದಲಿನ ಹತ್ತರಲ್ಲೊಂದು ಪಾಲು ಹೆಚ್ಚಾದರೂ
ಶಾಫ್ಟನ್ನು ಕೆಂಪು ಟ್ರೇಗೆ ಎಸೆದವಳು,
ಫೋಟೊ ನೋಡಿ ಹೇಳಲಾರೆ
ಸೊಟ್ಟಗಿರುವುದು ಮರವೋ, ಮೊಬೈಲು ಹಿಡಿದ ಕೈಯೋ.

ಮತ್ತಿಗಿರಿಯ ಅರುಳಪ್ಪ ಮಾಸ್ತರರ ತೊಡೆಯ ಮೇಲೆ
ಇಂಥದೇ ಒಂದು ಅಂಗಾತ ಮಲಗಿರುತ್ತಿತ್ತು.
ಭಾನುವಾರ ಪೂಜೆ ಮುಗಿದ ಮೇಲೆ ನನಗೂ ಕಲಿಸಿದರು:
"ಇದಕ್ಕೆ ಮೆಟ್ಟುಗಳಿಲ್ಲಮ್ಮ, ಬರೀ ಗೆರೆ.
ನಿಂತರೆ ಸ್ವರ. ದಾಟುವಾಗಲೇ ಹಾಡು."
ಜೂಜುವಾಡಿ ಗೇಟು ಕಳೆಯುತ್ತಲೇ
ಕಂಡಕ್ಟರು ಭಾಷೆ ಬದಲಿಸಿದರೆ
ಅವರ ಸರಳು ಜಾರಿದಂತೆಯೇ ಕೇಳುತ್ತದೆ, ಈಗಲೂ.
ಅವರದು ಗೆದ್ದಲಿಗೆ ಹೋಯಿತು,
ಅವರಿಗಿಂತ ಒಂದು ವರ್ಷ ಮೊದಲು.

ಸ್ಟೋರ್ಸಿನ ಇಳವರಸು ನಕ್ಕ:
"ಹಳೇ ಗಾಡಿ ತಗೊಂಡ್ರೆ ಅಕ್ಕ, ಮೆಕ್ಯಾನಿಕ್ಕನ್ನೇ ಮದುವೆ ಆಗಬೇಕು."

ಕುಂಬಾರನ ಹತ್ತಿರವೂ
ತಟ್ಟದೆ ಗಡಿಗೆ ಕೊಂಡವಳಲ್ಲ ನಮ್ಮಮ್ಮ.
ಹರಕು ಹಿಂದಿಯಲ್ಲಿ ಬರೆದೆ:
ಹೊಟ್ಟೆಯ ಮೇಲೆ ತಟ್ಟಿ, ಸದ್ದು ಕಳಿಸಿ.

ಮರುದಿನ ಬಂತು. ನಲವತ್ತೊಂದು ಸೆಕೆಂಡು.
ಟಕ್. ಟಕ್. ಕುದುರೆಯ ಹತ್ತಿರ ಮಾತ್ರ ಜರ್ರ್,
ಸೀಳು ಬಿಟ್ಟ ಕೊಡದ ಹಾಗೆ.
ಹಿಂದೆ ಕುಕ್ಕರು, ಒಂದು ಕಾಗೆ.
ಆಮೇಲೆ, ನಿಲ್ಲಿಸಲು ಮರೆತನೋ ಏನೋ ಹುಡುಗ,
ಯಾರೋ ಕೆಮ್ಮಿದರು. ಮಂಚ ಕಿರುಗುಟ್ಟಿತು.
ತುಕ್ಕು ಹಿಡಿದ ತಂತಿಯ ಮೇಲೆ ಕಬ್ಬಿಣ
ಪಂಚಮದಿಂದ ಹೊರಟು ನಿಷಾದದ ಕಡೆಗೆ
ಮೆಲ್ಲಗೆ ಹೋಗಿ, ತಲುಪದೆ,
ಅಲ್ಲೇ ನಡುಗಿತು.
ಮುದಿ ದನಿಯೊಂದು ಬಂಗಾಳಿಯಲ್ಲಿ ಏನೋ ಕೇಳಿತು.
ಹುಡುಗ ಉತ್ತರಿಸಲಿಲ್ಲ.

ಹನ್ನೊಂದು ಸಲ ಕೇಳಿದೆ.
ಚೌಕಾಸಿ ಮಾಡಲಿಲ್ಲ.
ಬಿರುಕಿದೆ, ಬೇಡ ಎಂದು ಬರೆದೆ. ಸುಳ್ಳಲ್ಲ.
ಆ ಬಿರುಕೇ ಬೇಕಾಗಿತ್ತು ಎಂದು ಬರೆಯಲಿಲ್ಲ.

ಹೊಸದು ಮಂಗಳವಾರ ಬಾಗಲೂರು ರಸ್ತೆಯ ಗೋಡೌನಿನಿಂದ
ಥರ್ಮಾಕೋಲು ಉದುರಿಸುತ್ತ ಬಂತು.
ಬಿಚ್ಚಿದರೆ ವಾರ್ನಿಷಿನ ಘಾಟು.
ಮೀಟಿದರೆ ಶ್ರುತಿ ಸರಿ, ಎಲ್ಲ ಸರಿ,
ಹೊಸ ಸೊಸೆ ಅತ್ತೆಮನೆಯ ಫೋನೆತ್ತಿ
"ಯಾರು ಬೇಕಾಗಿತ್ತು?" ಎಂದಂತೆ.

ಜೊತೆಗೆ ಬಂದ ಸರಳು ತೀರ ಹಗುರ.
ಎಪ್ಪತ್ನಾಲ್ಕರ ಲೇತೊಂದು ಗುಜರಿಗೆ ಹೊರಟಿತ್ತು;
ಅದರ ಶಾಫ್ಟಿನಿಂದ ಬೆರಳುದ್ದ ತುಂಡು
ಇಳವರಸುವೇ ಕೊಯ್ದು ಕೊಟ್ಟ.
ಗೇಟ್ ಪಾಸಿಲ್ಲದೆ, ಊಟದ ಡಬ್ಬಿಯಲ್ಲಿ,
ಚಿತ್ರಾನ್ನದ ವಾಸನೆ ಹತ್ತಿಸಿಕೊಂಡು ಮನೆಗೆ ಬಂತು.
ನಾಲ್ಕು ರಾತ್ರಿ ಎಮರಿ ಕಾಗದದಲ್ಲಿ ಉಜ್ಜಿ
ತುದಿ ದುಂಡಗೆ ಮಾಡಿ, ಮುಖ ಕಾಣುವಷ್ಟು ಹೊಳಪಾದ ಮೇಲೆ
ಅಭ್ಯಾಸ ಬಲ, ಅಳೆದೆ.
ನಡುವೆ ಮೂರು ಮೈಕ್ರಾನು ಸವೆದಿದೆ.
ಕೆಂಪು ಟ್ರೇಗೆ ಹೋಗಬೇಕಾದದ್ದು.

ತೊಡೆಯ ಮೇಲೆ ಮಲಗಿಸಿಕೊಂಡು
ಪಂಚಮದಿಂದ ಹೊರಟೆ.
ಕೆಳಮನೆಯಾಕೆ ಕಿಟಕಿ ತೆರೆದು
ಗಂಟೆ ಎಷ್ಟಾಯಿತು ಗೊತ್ತಾ ಎಂದು ತಮಿಳಿನಲ್ಲಿ ಕೂಗಿದಳು.
ನಾನೂ ಉತ್ತರಿಸಲಿಲ್ಲ.
ಇನ್ನೂ ದಾರಿಯಲ್ಲಿದ್ದೆ.